ಶಮಾಳ ಮುಖ ಕಂಡರೇ ಕಲಾಯಿ

ಕಲಾಯಿಗೆ ಉದುರಿಸುವ ನವಸಾಗರದ ಪುಡಿಯ ಘಾಟು — ಅಲ್ಲ, ಪಕ್ಕದ ಮನೆಯ ರಾಜಬಿ ಒಣಮೆಣಸಿನಕಾಯಿ ಹುರಿಯುತ್ತಿದ್ದಾಳೆ, ಇಂಡಿ ಊರಿನ ಈ ಅಂಗಳದಲ್ಲಿ ಪಾತ್ರೆಗೆ ತವರ ಬಳಿಯುವ ಕಲಾಯಿಯ ಕುಲುಮೆ ತಣ್ಣಗಾಗಿ ವರ್ಷಗಳೇ ಆದವು ಎಂದು ಶಮಾಳಿಗೆ ನೆನಪಾಯಿತು, ಆದರೂ ಅವಳ ಅಬ್ಬಾ ಆ ಬೂದಿಯ ಮುಂದೆಯೇ ಕುಕ್ಕರಗಾಲಲ್ಲಿ ಕೂತು ಹಿತ್ತಾಳೆ ಬೋಗುಣಿಯ ತಳವನ್ನು ಹತ್ತಿಯ ಉಂಡೆಯಿಂದ ತಿಕ್ಕುತ್ತಾರೆ, ತವರವಿಲ್ಲ, ಬೆಂಕಿಯಿಲ್ಲ, ಕೈ ಮಾತ್ರ ಸುತ್ತುತ್ತದೆ — ಅವಳ ತೊಡೆಯ ಮೇಲಿನ ಲ್ಯಾಪ್‌ಟಾಪಿನಲ್ಲೂ ತವರವೇ, ಹತ್ತು ಎಲೆಕ್ಟ್ರಾನ್ ಕಳೆದುಕೊಂಡ ತವರದ ಅಯಾನು, ವಿಪರೀತ ಕಾದ ಅನಿಲದಲ್ಲಿ ಬೇರೆ ಎಲೆಕ್ಟ್ರಾನುಗಳು ಎಷ್ಟು ಬಾರಿ ಬಂದು ಅದಕ್ಕೆ ಬಡಿಯುತ್ತವೆ, ಬಡಿದಾಗ ಅದೆಷ್ಟು ಬೆಳಗುತ್ತದೆ, ಆ ದರದ ಲೆಕ್ಕ, ಪುಣೆಯಲ್ಲಿ ಅವಳ ಸಂಶೋಧನೆ ಅದೇ, ಅಷ್ಟ್ ಓದಿ ಕಡೀಕೂ ತವರಾನ ಹಿಡದಿ ಏನವಾ ಎಂದು ರಾಜಬಿ ನಕ್ಕಿದ್ದಳು, ಸಂಜೆ ಪುಣೆಗೆ ರೈಲು, ಹೊರಡುವ ಮೊದಲು ಅಬ್ಬಾ ಒಂದು ಸಲ ತನ್ನನ್ನು ಹೆಸರು ಹಿಡಿದು ಕರೆಯಲಿ, ಒಂದೇ ಸಲ ಸಾಕು — ಅವಳು ಬಂದ ದಿನ ಅಬ್ಬಾ ಮಗಳನ್ನೇ ಪಾತ್ರೆ ತಂದ ಗಿರಾಕಿ ಎಂದುಕೊಂಡು ಕೇಳಿದರಲ್ಲ, ಯಾರ ಪೈಕಿರಿ ಬಾಯಾರ, ಏನ್ ಭಾಂಡಿ ತಂದೀರಿ, ಅಬ್ಬಾ ಮೊದಲು ಮರೆತದ್ದು ನಿನ್ನೆಯ ಊಟ, ಆಮೇಲೆ ಸಿಂದಗಿಯ ಸಂತೆ, ಆಮೇಲೆ ತೀರಿಕೊಂಡ ಅಮ್ಮಿ ಅಖ್ತರಬೇಗಂ, ಅಯಾನಿನದೂ ಇದೇ ರೀತಿ, ಹೊರಗಿನ ಎಲೆಕ್ಟ್ರಾನುಗಳು ಸುಲಭಕ್ಕೆ ಕಳಚುತ್ತವೆ, ಕಳಚಿದಷ್ಟೂ ಒಳಗೆ ಉಳಿದದ್ದನ್ನು ಗಟ್ಟಿಯಾಗಿ ಹಿಡಿಯುತ್ತದೆ, ಹಾಗಾದರೆ ಮಗಳು ಹೊರಗಿನವಳೇ, ಈ ಹಾಳು ಬೋಗುಣಿ ಒಳಗಿನದೇ, ಬೋಗುಣಿಯ ಮೇಲೆ ಹೊಟ್ಟೆಕಿಚ್ಚಾಗುತ್ತದೆ, ನಾಚಿಕೆಯೂ ಆಗುತ್ತದೆ — ಅವಳು ಚಿಕ್ಕವಳಿದ್ದಾಗ ಹೀಗಿರಲಿಲ್ಲ, ಕಾದ ತಳಕ್ಕೆ ತವರದ ಕಡ್ಡಿ ಮುಟ್ಟಿಸಿ ಹತ್ತಿಯನ್ನು ಒಂದು ಸುತ್ತು ಎಳೆದರೆ ಬೆಳ್ಳಿ ಹರಿದಂತೆ, ಗಿರಾಕಿ ಕೈಚಾಚಿದರೂ ಅಬ್ಬಾ ಕೊಡುತ್ತಿರಲಿಲ್ಲ, ತಡೀರಿ, ನಮ್ಮ ಹುಡುಗಿ ಮೊದಲ ನೋಡ್ಲಿ, ಆಕಿ ಮಾರಿ ಕಂಡ್ರನ ಕಲಾಯಿ ಖರೆ, ಅವಳು ಓಡಿಬಂದು ಬಗ್ಗುತ್ತಾಳೆ, ಬಿಸಿ ಕೆನ್ನೆಗೆ ರಾಚುತ್ತದೆ, ತಳದಲ್ಲಿ ದುಂಡಗೆ ನಗುವ ಮುಖ, ಕಾಣತೈತಿ ಅಬ್ಬಾ.

ಲ್ಯಾಪ್‌ಟಾಪು ಕಿಣಿ ಎಂದಿತು, ಲೆಕ್ಕ ಮುಗಿದಿದೆ, ಅವಳು ಅದನ್ನು ನೋಡಲಿಲ್ಲ, ಅಬ್ಬಾ, ನಾನೂ ತವರದ ಕೆಲಸಾನ ಮಾಡ್ತೇನಿ ಎಂದಳು, ಅವರ ಕೈ ನಿಂತಿತು, ಛಲೋ ಆತ್ ಬಿಡ್ರಿ ಬಾಯಾರ, ನಿಮ್ಮ ಭಾಂಡಿನೂ ಆತು, ಅವಳು ಕೈಚಾಚಿದಳು, ಅವರು ಬೋಗುಣಿಯನ್ನು ಎದೆಗೆಳೆದುಕೊಂಡರು, ತಡೀರಿ, ನಮ್ಮ ಹುಡುಗಿ ಮೊದಲ ನೋಡ್ಲಿ, ಬಾಗಿಲ ಕಡೆ ಕತ್ತು ತಿರುಗಿಸಿ, ಶಮಾ, ಏ ಶಮಾ, ಬಾರವಾ, ಮಾರಿ ನೋಡು — ಇತ್ತು, ಹೆಸರು ಎಲ್ಲಕ್ಕಿಂತ ಒಳಗೆ ಇತ್ತು, ಇಲ್ಲೇ ಅದೇನಿ ಅಬ್ಬಾ, ಇಲ್ಲೇ, ಅವರು ಬಾಗಿಲನ್ನೇ ನೋಡುತ್ತಾರೆ, ಆಡಾಕ ಹೋಗ್ಯಾಳ್ರಿ, ಬರ್ತಾಳ, ಕೂಡ್ರಿ — ಅವಳು ಬಗ್ಗಿ ಇಣುಕಿದಳು, ಕಪ್ಪಿಟ್ಟ ಹಿತ್ತಾಳೆ, ಮುಖವಿಲ್ಲ, ಅಬ್ಬಾ ಮತ್ತೆ ಹತ್ತಿ ತೆಗೆದುಕೊಂಡರು, ಒಂದು ಸುತ್ತು, ಮುಖವಿಲ್ಲ, ಮತ್ತೆ ಆ ಕೈ, ಮುಖವಿಲ್ಲದ ತಳದಲ್ಲಿ ಆ ಕೈ.