ಚಹಾ ಡಬ್ಬಿಯಲ್ಲಿ ಸಿಕ್ಕ ಮಾತ್ರೆಗಳು

ಒಂದೈದು ನಿಮಿಷ ಕೊಡಿ, ಇದನ್ನು ಪೂರ್ತಿ ಕೇಳಿ. ಮನೆಯಲ್ಲಿ ಮರೆವು ಹತ್ತಿದ ಹಿರಿಯರಿದ್ದರಂತೂ ಅರ್ಧಕ್ಕೇ ಎದ್ದು ಹೋಗಬೇಡಿ.

ನಮ್ಮದು ಚೀನಾದ ಸಿಚುವಾನ್ ಸೀಮೆ, ಜಿಯಾಲಿಂಗ್ ನದಿ ದಂಡೆಯ ಊರು. ಎಲ್ಲರ ಮನೆಯಂತೆ ನಮ್ಮಲ್ಲೂ ಉಪ್ಪುನೀರಲ್ಲಿ ಮೂಲಂಗಿ ಹುಳಿಬರಿಸುವ ಜಾಡಿ ಇದೆ. ಅದರ ಬಾಯಿಯ ಸುತ್ತ ನೀರು ನಿಂತಿರಬೇಕು, ಆರಿದರೆ ಒಳಗಿದ್ದದ್ದು ಕೆಡುತ್ತದೆ. ಐವತ್ತು ವರ್ಷ ತಪ್ಪದೆ ಆ ನೀರು ತುಂಬಿದವಳು ನನ್ನಜ್ಜಿ. ಹೋದ ವರ್ಷ ಅವಳು ನೀರು ಹಾಕುವುದನ್ನೇ ಮರೆತು ಜಾಡಿ ಕೆಟ್ಟಿತು. ಆಮೇಲೆ ಸಂಜೆಯಾದರೆ ಸಾಕು, "ನಮ್ಮನೆಗೆ ಹೋಗ್ಬೇಕು" ಎಂದು ಬಾಗಿಲು ತೆಗೆಯತೊಡಗಿದಳು. ಕೂತಿದ್ದೇ ಅವಳ ಮನೆಯಲ್ಲಿ!

ಆಸ್ಪತ್ರೆಯಲ್ಲಿ ಡಿಮೆನ್ಷಿಯಾ ಎಂದರು. ದಿನಾ ಮಾತ್ರೆ, ಜೊತೆಗೆ ವಾರಕ್ಕೆರಡು ಸಲ ಅಲ್ಲೇ ಕೆಳಮಹಡಿಯಲ್ಲಿ ಸೂಜಿ ಚಿಕಿತ್ಸೆ, ಅಂದರೆ ಅಕ್ಯುಪಂಕ್ಚರ್. ಮಾತ್ರೆ ಕೊಡುವ ಕೆಲಸ ಅಮ್ಮನ ಅಣ್ಣ ದೆಫು ಮಾವನದು. ಸ್ವಲ್ಪ ದಿನಕ್ಕೇ ಅಜ್ಜಿಗೆ ನಿದ್ದೆ ಹತ್ತಿತು. ಮಾವನ ಖುಷಿ ಕೇಳಬೇಡಿ, ಬೀದಿಗೆಲ್ಲ ಸೂಜಿಯ ಗುಣಗಾನ.

ಆದರೆ ಮುಂದಿನ ತಿಂಗಳು ಅಜ್ಜಿಗೆ ಮರೆವು ಜಾಸ್ತಿಯಾಯಿತು. ಒಂದು ಸಂಜೆ ಒಬ್ಬಳೇ ನದಿಗೆ ಹೋಗಿ ದೋಣಿ ಹತ್ತಲು ಕಾಲಿಟ್ಟಿದ್ದಳಂತೆ. ದೋಣಿಯವನು ಕೈಹಿಡಿದು ಕರೆತಂದ. ಅವನಿಗೆ ಚಹಾ ಮಾಡೋಣವೆಂದು ಡಬ್ಬಿ ತೆಗೆದರೆ, ಚಹಾ ಎಲೆಗಳ ಕೆಳಗೆ ಒಂದು ತಿಂಗಳ ಮಾತ್ರೆಗಳು!

ದೋಣಿಯವನು ಹೋದ ಮೇಲೆ ಕೇಳಿದೆ, "ಮಾವ, ಇದೇನಿದು?"

"ಶ್, ಮೆಲ್ಲಗೆ! ಕಷಾಯ ಕುಡಿಯೋವಾಗ ಮೂಲಂಗಿ ತಿಂದ್ರೆ ಔಷಧಿ ಸತ್ವ ಹೋಗುತ್ತೆ ಅಲ್ವಾ? ಹಂಗೇ ಇದೂನೂ. ಈ ಮಾತ್ರೆ ಸೂಜಿ ಸತ್ವ ತಿಂದ್ಹಾಕುತ್ತೆ."

"ಯಾರು ಹೇಳಿದ್ದು?"

"ಯಾರು ಹೇಳ್ಬೇಕು? ಅರವತ್ತು ವರ್ಷ ಸುಮ್ನೆ ಬದುಕಿದೀನಾ? ನೋಡು ಪುಟ್ಟಿ, ಡಾಕ್ಟ್ರ ಮುಂದೆ ಬಾಯಿಬಿಟ್ರೆ ನನ್ನ ಮುಖಕ್ಕೆ ಮಸಿ ಬಳಿದಂಗೆ."

ಹೊರಗಿನವರ ಮುಂದೆ ಹಿರಿಯರ ಮಾನ ಕಳೆಯುವುದು ನಮ್ಮಲ್ಲಿ ಸಣ್ಣ ಮಾತಲ್ಲ. ಆದರೆ ಆ ದೋಣಿಯವನು ಆಚೆ ದಡದಲ್ಲಿದ್ದಿದ್ದರೆ? ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡೆ.

ಮರುದಿನ ಆಸ್ಪತ್ರೆಯಲ್ಲಿ ಸೂಜಿ ಡಾಕ್ಟರ್ ಟಾನ್ ಹೊಸ ಸೂಜಿಗಳ ಪೊಟ್ಟಣ ಒಡೆಯುತ್ತಿದ್ದರು. ಅಜ್ಜಿ ಕುರ್ಚಿಯಲ್ಲಿ ಕಣ್ಣುಮುಚ್ಚಿ ಕೂತಿದ್ದಳು, ಪಕ್ಕದಲ್ಲಿ ಮಾವ. ಡಬ್ಬಿಯನ್ನು ಮೇಜಿನ ಮೇಲಿಟ್ಟೆ.

"ಡಾಕ್ಟ್ರೇ, ಅಜ್ಜಿ ಒಂದು ತಿಂಗಳಿಂದ ಮಾತ್ರೆ ತಗೊಂಡಿಲ್ಲ."

ಮಾವನ ಕಿವಿ ಕೆಂಪಾಯಿತು. "ನಿಮ್ಮ ಸೂಜಿ ಮೇಲಿನ ನಂಬಿಕೇಲೇ ಡಾಕ್ಟ್ರಮ್ಮ..."

"ಅಣ್ಣ, ನನ್ನ ಸೂಜಿಗೆ ಅಷ್ಟು ದೊಡ್ಡ ಪಟ್ಟ ಕಟ್ಬೇಡಿ! ಇದು ಮರೆವನ್ನ ವಾಸಿ ಮಾಡಲ್ಲ. ಕೆಲವರಿಗೆ ನಿದ್ದೆ, ಚಡಪಡಿಕೆ ಒಂಚೂರು ಸುಧಾರಿಸಬಹುದು. ಎಲ್ಲರಿಗೂ ಅಂತ ಇಲ್ಲ, ಇನ್ನೂ ಪರೀಕ್ಷೆ ಮಾಡ್ತಾನೇ ಇದಾರೆ. ಮಾತ್ರೆ ಜೊತೆಗೆ ಸೂಜಿ, ಮಾತ್ರೆ ಬದಲಿಗೆ ಅಲ್ಲ."

"ಹಂಗಾದ್ರೆ ಇವತ್ತಿಂದ ಎರಡೆರಡು ಕೊಡ್ತೀನಿ!"

"ಅಯ್ಯೋ, ಅದೊಂದು ಮಾಡ್ಬೇಡಿ! ನಿಂತ ಮಾತ್ರೆ ಮತ್ತೆ ಎಷ್ಟರಿಂದ ಶುರು ಮಾಡ್ಬೇಕು ಅಂತ ಅದನ್ನ ಬರೆದುಕೊಟ್ಟ ಮೇಲಿನ ಮಹಡಿ ಡಾಕ್ಟ್ರೇ ಹೇಳ್ಬೇಕು. ನಡೀರಿ, ನಾನೇ ಕರ್ಕೊಂಡು ಹೋಗ್ತೀನಿ."

ಅಷ್ಟರಲ್ಲಿ ಅಜ್ಜಿ ಕಣ್ಣುಬಿಟ್ಟಳು. "ಏ ದೆಫು, ಮತ್ತೇನು ಒಡೆದು ಬಂದ್ಯೋ?"

ಅವಳ ಬಾಯಲ್ಲಿ ತನ್ನ ಹೆಸರು ಕೇಳಿ ಎಷ್ಟು ದಿನವಾಗಿತ್ತೋ, ಮಾವ ನಕ್ಕನೋ ಅತ್ತನೋ ತಿಳಿಯಲಿಲ್ಲ. "ಏನಿಲ್ಲಮ್ಮ, ಸರಿ ಮಾಡ್ತೀನಿ" ಎಂದ.

ನನ್ನ ಜೊತೆ ಒಂದು ವಾರ ಮಾತು ಬಿಟ್ಟಿದ್ದ, ಅದು ಬೇರೆ ಮಾತು. ಈಗ ಮೇಲಿನ ಮಹಡಿ ಡಾಕ್ಟರು ಹೇಳಿದಷ್ಟೇ ಮಾತ್ರೆ ಕೊಟ್ಟು, ಕ್ಯಾಲೆಂಡರಿನಲ್ಲಿ ಗೆರೆ ಎಳೆಯುತ್ತಾನೆ. ಮನೆಯ ಫೋನ್ ನಂಬರು ಬರೆದ ಬಳೆಯನ್ನು ಅಜ್ಜಿಯ ಕೈಗೆ ಹಾಕಿದವನೂ ಅವನೇ. ಅಜ್ಜಿ ವಾಸಿಯಾಗಿಲ್ಲ. ನನ್ನನ್ನು ಅಮ್ಮನ ಹೆಸರಿನಿಂದ ಕರೆಯುತ್ತಾಳೆ. ಆದರೆ ಎಷ್ಟೋ ಸಂಜೆ ಬಾಗಿಲ ಕಡೆ ಹೋಗದೆ ನನ್ನ ಪಕ್ಕ ಕೂರುತ್ತಾಳೆ. ಜಾಡಿಗೆ ನೀರು ನಾನು ತುಂಬುತ್ತೇನೆ.

ನಿಮ್ಮಲ್ಲೂ ಯಾರಿಗಾದರೂ ಸೂಜಿ ಚಿಕಿತ್ಸೆ ಮಾಡಿಸುವುದಾದರೆ ಮೊದಲು ಅವರ ಡಾಕ್ಟರನ್ನು ಕೇಳಿ. ತರಬೇತಿ, ಪರವಾನಗಿ ಇರುವವರ ಹತ್ತಿರವೇ ಹೋಗಿ. ಸೂಜಿ ಪ್ರತಿಸಲ ಹೊಸದೇ ಇರಲಿ. ನುಂಗುವ ಮಾತ್ರೆಗಳನ್ನೆಲ್ಲ, ರಕ್ತ ತೆಳುವಾಗಿಸುವ ಮಾತ್ರೆಯಿದ್ದರೆ ಅದನ್ನಂತೂ ತಪ್ಪದೆ, ಸೂಜಿ ಹಾಕುವವರಿಗೆ ಮೊದಲೇ ಹೇಳಿ. ಯಾವುದನ್ನೂ ನೀವೇ ನಿಲ್ಲಿಸಬೇಡಿ. ಮನೆಯವರ ಮಾನ ಉಳಿಸಲೆಂದು ಡಾಕ್ಟರ ಹತ್ತಿರ ಏನನ್ನೂ ಮುಚ್ಚಿಡಬೇಡಿ.

ಈಗ ಹೇಳಿ, ಆ ಡಬ್ಬಿ ನಿಮ್ಮ ಕೈಗೆ ಸಿಕ್ಕಿದ್ದರೆ ನೀವೇನು ಮಾಡುತ್ತಿದ್ದಿರಿ?