ಹುಳದ ಹೊಲಿಗೆಯ ಸೂಜಿ

ನಾನು ಒಂದು ಸೂಜಿ. ಕಾರ್ಖಾನೆಯ ಬೆಂಕಿಯಲ್ಲಿ ಕೆಂಪಾಗಿ, ಎಣ್ಣೆಯಲ್ಲಿ ತಣ್ಣಗಾಗಿ ಹುಟ್ಟಿದೆ. ಜೊತೆಯ ಸೂಜಿಗಳಿಗೆಲ್ಲ ದಪ್ಪ ತಲೆ, ಅಗಲ ಕಣ್ಣು. ನನ್ನ ತಲೆ ಮಾತ್ರ ಮೈಯಷ್ಟೇ ಸಣ್ಣ. ಯಾರು ತೂಕಡಿಸುತ್ತ ಮಾಡಿದ ತಪ್ಪೋ! ಕಾಗದದ ಮಡಿಕೆಯಲ್ಲಿ ಮಲಗಿದ್ದಾಗ ನನಗೆ ಒಂದೇ ಕನಸು: ಯಾರೋ ನನ್ನ ಮೈಗೆ ಏನನ್ನೋ ಬೆಚ್ಚಗೆ ಸುತ್ತುತ್ತಿದ್ದಾರೆ.

ಕೊಪ್ಪಳದ ಕಡೆಯ ಹಳ್ಳಿಯಲ್ಲಿ ನಿಂಬೆವ್ವ ಎಂಬಾಕೆ ಬಳೆಗಾರ್ತಿಯಿಂದ ನಮ್ಮನ್ನು ಕೊಂಡಳು. ನನಗೆ ನೂಲು ಪೋಣಿಸಲು ಹೋಗಿ ಸೋತಳು.

"ಎಂಜಲಾ ಹಚ್ಚಿ ಹಚ್ಚಿ ನನ್ನ ನಾಲಿಗಿ ಒಣಗಿತು. ಇದು ಕಣ್ಣ ತೆರೀವಲ್ದು!"

ಆದರೆ ಅವರ ಮನೆಯಲ್ಲೊಂದು ಹೊಲಿಗೆಯಿತ್ತು, ಹುಳದ ಹೊಲಿಗೆ. ಸೂಜಿಯನ್ನು ಬಟ್ಟೆಗೆ ಅರ್ಧ ಚುಚ್ಚಿ ನಿಲ್ಲಿಸಿ, ಅದರ ಮೈಗೆ ನೂಲನ್ನು ಒತ್ತೊತ್ತಾಗಿ ಸುತ್ತಬೇಕು. ಸುತ್ತುಗಳನ್ನು ಹೆಬ್ಬೆರಳಲ್ಲಿ ಹಿಡಿದು ಸೂಜಿಯನ್ನು ಮೆಲ್ಲಗೆ ಎಳೆದುಕೊಂಡರೆ, ಬಟ್ಟೆಯ ಮೇಲೆ ದುಂಡನೆಯ ನೂಲಿನ ಹುಳ ಉಬ್ಬಿ ಮಲಗುತ್ತದೆ. ದಪ್ಪ ತಲೆಯ ಸೂಜಿ ಸುತ್ತುಗಳಲ್ಲಿ ಸಿಕ್ಕಿಬೀಳುತ್ತದೆ. ಕೊನೆಗೆ ಹೇಗೋ ನನಗೆ ನೂಲು ಪೋಣಿಸಿ ಸುತ್ತಿ ಎಳೆದಾಗ, ನಾನು ನೀರಿನಲ್ಲಿ ಮೀನಿನಂತೆ ಜಾರಿ ಬಂದೆ. ನನ್ನ ಕನಸು ಇದೇ ಆಗಿತ್ತು! ಅಂದಿನಿಂದ ನಿಂಬೆವ್ವನ ಎಲೆಯಡಿಕೆ ಸಂಚಿಯೇ ನನ್ನ ಮನೆ.

ಮಗಳು ಬಸುರಿಯಾದಾಗ ತವರಿನಿಂದ ಒಯ್ಯುವ ಕುಬುಸದ ಎರಡೂ ತೋಳಿಗೆ ಹುಳದ ಸಾಲು ಇರಬೇಕು, ಅದನ್ನು ತವರಿನ ಕೈಯೇ ಹಾಕಬೇಕು. ಇದು ಆ ಮನೆಯ ಪದ್ಧತಿ. "ಕೂಸು ಹಾಲು ಕುಡಿವಾಗ ಕೈ ಆಡಸಾಕ ಏನರ ಬೇಕಲ್ಲ," ಎನ್ನುತ್ತಿದ್ದಳು ನಿಂಬೆವ್ವ.

ಮಗಳು ಹುಲಿಗೆವ್ವನ ಕುಬುಸ ಶುರುವಾಯಿತು. ಬಲತೋಳು ಮುಗಿದಿತ್ತಷ್ಟೆ, ಲಕ್ವ ಹೊಡೆದು ನಿಂಬೆವ್ವನ ಬಲಗೈ ಬಿದ್ದುಹೋಯಿತು. ನೋಡಲು ಬಂದ ಬೀಗತಿ ಕುಬುಸ ಎತ್ತಿ ಹಿಡಿದು, "ಒಂದು ತೋಳಿಗೆ ಹುಳ, ಒಂದು ತೋಳು ಬೋಳು! ಬಜಾರದಾಗ ರೆಡಿಮೇಡ್ ಸಿಗ್ತಾವ, ತಂದು ಬಿಡ್ರೆವ್ವಾ," ಎಂದಳು. ಹುಲಿಗೆವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಬಾಗಿಲಲ್ಲಿ ನಿಂತಿದ್ದ ಅವಳ ಅಣ್ಣ ಯಮನೂರನಿಗೆ ನೆತ್ತಿ ಉರಿಯಿತು. ಮೇಷ್ಟ್ರ ಮೇಲಿನ ಸಿಟ್ಟಿಗೆ ಸಾಲಿ ಬಿಟ್ಟು, ಪಂಚರ್ ಅಂಗಡಿ ಇಟ್ಟುಕೊಂಡ ಹುಡುಗ ಅವನು.

"ಆ ತೋಳು ನಾ ಹಾಕ್ತೀನಿ!" ಎಂದ.

ಹೇಳಿದಷ್ಟು ಸುಲಭವೇ? ನೂಲು ಸುಲಭಕ್ಕೆ ಹೋಗದ ನನ್ನನ್ನು ಬಿಸಾಕಿ ಅಗಲ ಕಣ್ಣಿನದೊಂದನ್ನು ಹಿಡಿದ. ಅದು ಸುತ್ತುಗಳಲ್ಲಿ ಸಿಕ್ಕಿತು, ಎಳೆದ, ನೂಲು ಹರಿಯಿತು. ತಾಯಿ ಎಡಗೈಯಿಂದ ನನ್ನನ್ನು ತೋರಿಸಿದಳು. ಹೇಗೋ ನೂಲು ಪೋಣಿಸಿ, ನನ್ನನ್ನೂ ಟೈರು ಕೀಳುವಂತೆ ಎಳೆದ. ಹುಳ ಮುದುಡಿ ಗಂಟಾಯಿತು. ಅವನ ಅಂಗಡಿ ಪಕ್ಕದ ಚಹಾದಂಗಡಿಯ ದಾವಲ ಮನೆಯೊಳಗೆ ಇಣುಕಿ, "ಏನ್ಲೇ, ಟ್ಯೂಬಿಗೂ ಹೂವು ಹಾಕಿ ಕೊಡ್ತೀಯೇನು ಇನ್ನ?" ಎಂದು ನಕ್ಕ. ಕುಬುಸ ಮೂಲೆಗೆ ಹಾರಿತು.

"ಯಪ್ಪಾ," ಎಂದಳು ನಿಂಬೆವ್ವ, ತೊದಲುತ್ತ. "ಟ್ಯೂಬಿಗೆ ತೇಪೆ ಹಚ್ಚಿ ಹೆಬ್ಬೆರಳು ಒತ್ತಿಕೊಂಡು ಸುಮ್ನ ಕೂಡ್ತಿಯಲ್ಲ, ಹಂಗ ಕೂಡು. ಆಮ್ಯಾಲೆ ಎಳಿ."

ಯಮನೂರ ಕುಬುಸ ತಂದು, ಗಂಟಾದ ಹುಳ ಬಿಚ್ಚಿ ಮತ್ತೆ ಕೂತ. ಗ್ರೀಸು ಹೋಗುವಂತೆ ತಿಕ್ಕಿ ತೊಳೆದ ಒರಟು ಹೆಬ್ಬೆರಳು ಸುತ್ತುಗಳ ಮೇಲೆ ಕೂತಿತು. ಅವನ ಉಸಿರು ನಿಧಾನವಾಯಿತು. ಮಧ್ಯಾಹ್ನದ ಬಿಸಿಲು, ತಾಯಿಯ ಗೊರಕೆ, ನೂಲಿನ ಬಿಸುಪು. ನಾನು ನಿದ್ದೆಯೊಳಗಿಂದ ಜಾರುವಂತೆ ಜಾರಿ ಹೊರಬಂದೆ. ಬಟ್ಟೆಯ ಮೇಲೆ ಹುಳ ಮಲಗಿತ್ತು. ಅವನು ಬೆರಳಾಡಿಸಿದ, ಮತ್ತೆ ಆಡಿಸಿದ. ಎಂದೋ ತಾಯಿಯ ತೋಳಿನ ಮೇಲೆ ಇದೇ ಬೆರಳು ಹೀಗೇ ಆಡಿತ್ತಲ್ಲ!

ಸಾಲು ಬೆಳೆಯಿತು. ಕೊನೆಯ ಹುಳ ಬಾಕಿಯಿತ್ತು. ಅಷ್ಟರಲ್ಲಿ ಬೀಗತಿಯ ಕಡೆಯವನೊಬ್ಬ ಬಂದು, "ನಮ್ಮತ್ತಿ ರೆಡಿಮೇಡ್ ತಂದು ಇಟ್ಟಾಳ, ನಿಮಗ್ಯಾಕ ತ್ರಾಸು?" ಎಂದ. ಯಮನೂರ ಸರ್ರನೆ ಎಳೆದ. ನನ್ನ ಸಣ್ಣ ತಲೆ ಮುರಿಯಿತು.

ಕೊನೆಯ ಹುಳವನ್ನು ದಪ್ಪ ತಲೆಯ ಸೂಜಿಯಲ್ಲೇ ಹಲ್ಲು ಕಚ್ಚಿ ಮುಗಿಸಿದ. ಅದು ಸೊಟ್ಟಗೆ, ಗಂಟುಗಂಟಾಗಿ ಬಂತು. ನಿಂಬೆವ್ವ ಕಣ್ಣು ಮುಚ್ಚಿ ಎಡಗೈಯನ್ನು ಎರಡೂ ತೋಳಿನ ಮೇಲೆ ಆಡಿಸಿದಳು. ಯಾವುದು ತನ್ನದು, ಯಾವುದು ಮಗನದು, ತಿಳಿಯಲಿಲ್ಲ. ತುದಿಗೆ ಬಂದಾಗ ಮಾತ್ರ ಬೆರಳು ನಿಂತಿತು.

"ಇದೊಂದು ಸಿಟ್ಟಿನ ಹುಳ," ಎಂದು ಸೊಟ್ಟ ಬಾಯಲ್ಲೇ ನಕ್ಕಳು. "ಇರ್ಲಿ ಬಿಡು. ನಿನ್ನ ಗುರ್ತು."

ಕುಬುಸದ ಶಾಸ್ತ್ರದ ದಿನ ಹುಲಿಗೆವ್ವ ಅದನ್ನೇ ತೊಟ್ಟಳು. ರೆಡಿಮೇಡ್ ಟ್ರಂಕಿನಲ್ಲೇ ಉಳಿಯಿತು.

ಈಗ ನಾನು ಪಂಚರ್ ಅಂಗಡಿಯ ಗೋಡೆಯ ಕ್ಯಾಲೆಂಡರಿಗೆ ಚುಚ್ಚಿಕೊಂಡಿದ್ದೇನೆ. ತುಕ್ಕು ಹಿಡಿದಿದೆ. ದಾರಿಹೋಕರ ಕಾಲಿನ ಜಾಲಿಮುಳ್ಳು ತೆಗೆಯುವುದೊಂದೇ ಕೆಲಸ. ಮೊನ್ನೆ ಹುಲಿಗೆವ್ವ ಕೂಸಿನೊಂದಿಗೆ ಬಂದು ಅಂಗಡಿಯ ನೆರಳಲ್ಲಿ ಕೂತಳು. ಹಾಲು ಕುಡಿಯುತ್ತ ಕೂಸು ತೋಳಿನ ಮೇಲೆ ಕೈಯಾಡಿಸಿತು. ನೂಲು ಸವೆದು ಎಳೆಯೆದ್ದದ್ದು ಒಂದೇ ಕಡೆ, ಸಿಟ್ಟಿನ ಹುಳದ ಮೇಲೆ.

"ಅಣ್ಣಾ, ಇದನ್ನ ಹಿಡೀಲಾರ್ದ ಮಲಗೂದ ಇಲ್ಲ ನೋಡು ಇವಳು," ಎಂದಳು ಹುಲಿಗೆವ್ವ.

ಯಮನೂರ ಟ್ಯೂಬಿನ ತೇಪೆಯ ಮೇಲೆ ಹೆಬ್ಬೆರಳು ಒತ್ತಿ, ನಿದ್ದೆಹೋದ ಕೂಸು ಏಳದಂತೆ ಸುಮ್ಮನೆ ಕೂತಿದ್ದ. ನನಗೆ ಇನ್ನು ನೂಲಿಲ್ಲ. ಆದರೂ ಆ ಬೆರಳು ಹಾಗೆ ಕೂತಾಗಲೆಲ್ಲ, ಗೋಡೆಯ ಮೇಲಿರುವ ನನ್ನ ಮೈಗೆ ಯಾರೋ ಏನನ್ನೋ ಬೆಚ್ಚಗೆ ಸುತ್ತುತ್ತಾರೆ.