ಸಂಜೆ ಆರರ ನಂತರದ ಫೋನು

ಫೋನಿನ ಪೆಟ್ಟಿಗೆಯ ಹಸಿರು ದೀಪ ಮತ್ತೆ ಕೆಂಪಾಯಿತು, ಮೆಕ್ಯಾನಿಕ್ ಲೊಚಗುಟ್ಟಿದ, ಸ್ಟೂಲ್ ಹತ್ತಿ ನಿಂತವನ ಕಾಲುಚೀಲದಲ್ಲಿ ಹೆಬ್ಬೆರಳು ಇಣುಕುವಷ್ಟು ತೂತು, ಬೆಂಚಿನ ಕೆಳಗೆ ಸರದಿ ಕಾಯುತ್ತಿರುವ ನಾಯಿಯೂ ಅದನ್ನೇ ನೋಡುತ್ತಿದೆ — ಪಾಸ್‌ವರ್ಡ್ ತಗೊಳ್ತಾನೇ ಇಲ್ಲ ಮೇಡಂ, ಹಳೇ ಕಂಪನಿಯವ್ರು ನಿಮಗೆ ಹೇಳಿ ಹೋಗ್ಲಿಲ್ವಾ. ಹೇಳಲಿಲ್ಲ, ನಾವೂ ಕೇಳಲಿಲ್ಲ, ಈ ಪ್ರಾಣಿಗಳ ಆಸ್ಪತ್ರೆಯಲ್ಲಿ ಫೋನಿನ ಪೆಟ್ಟಿಗೆಗೊಂದು ಪಾಸ್‌ವರ್ಡ್ ಇದೆಯೆಂದೇ ಯಾರಿಗೂ ಗೊತ್ತಿರಲಿಲ್ಲ, ಏನು ಬದಲಾಯಿಸಬೇಕಾದರೂ ಹಳೆಯವರೇ ಬಂದು ನಮಗೆ ಬೆನ್ನು ತಿರುಗಿಸಿ ಏನೇನೋ ಒತ್ತಿ, ನಾನು ಕೊಟ್ಟ ಟೀ ಕುಡಿದು ಹೋಗುತ್ತಿದ್ದರು, ಆಮೇಲೆ ಡಾಕ್ಟರಿಗೂ ಅವರಿಗೂ ಮಾತಿಗೆ ಮಾತು ಬೆಳೆದು ಇವರು ನಾಳೆಯಿಂದ ಬರ್ಬೇಡಿ ಅಂದರು, ಅವರು ಬರಲಿಲ್ಲ ಅಷ್ಟೆ, ಮನೆ ನಮ್ಮದು ಬೀಗದಕೈ ಇನ್ಯಾರದೋ ಎಂದಾಯಿತು. ಈಗ ಫೋನ್ ಮಾಡಿದರೆ ಎತ್ತುವುದೂ ಇಲ್ಲ. ಫೋನ್ ರಿಪೇರಿಯವರೇ ಫೋನ್ ಎತ್ತುವುದಿಲ್ಲ, ನಗಬೇಕು, ಕೌಂಟರಿನಲ್ಲಿ ಕೂತು ಸುಮ್ಮನೆ ನಕ್ಕರೆ ನಾಯಿಯವರು ಏನಂದುಕೊಂಡಾರು.

ಸಂಜೆ ಆರಾದ ಮೇಲೆ ಇಲ್ಲಿಗೆ ಬರುವ ಫೋನೆಲ್ಲ ನಮ್ಮ ಮನೆಗೆ ಹೋಗುವಂತೆ ಮಾಡಿಟ್ಟದ್ದೂ ಆ ಹಳೆಯವರೇ, ಅಣ್ಣನಿಗೋಸ್ಕರ, ಅಣ್ಣ ಇಲ್ಲಿ ಕಾಂಪೌಂಡರ್, ಸೂಜಿ ಕಂಡರೆ ಬುಸುಗುಡುವ ಬೆಕ್ಕೂ ಅವನ ತೋಳಿನಲ್ಲಿ ತೆಪ್ಪಗಿರುತ್ತಿತ್ತು, ಒಂದು ಮಧ್ಯಾಹ್ನ ಎದೆ ಹಿಡಿದುಕೊಂಡು ಅದೋ ಆ ಬೆಂಚಿನ ಮೇಲೆ ಕೂತ, ಏಳಲಿಲ್ಲ. ಅಣ್ಣ ಹೋದ, ಫೋನು ಹೋಗಲಿಲ್ಲ, ಅದನ್ನು ನಿಲ್ಲಿಸುವುದು ಯಾರ ಕೈಯಲ್ಲೂ ಆಗಲಿಲ್ಲ. ಅತ್ತಿಗೆ ಮಾತು ಬಿಟ್ಟಿದ್ದರು. ಊಟ ಮಾಡಿ ಅತ್ತಿಗೆ ಅಂದರೆ ತಲೆಯಾಡಿಸುವುದು, ಮಲಗಿ ಅಂದರೆ ತಲೆಯಾಡಿಸುವುದು, ಆ ಮನೆಯಲ್ಲಿ ನನ್ನ ದನಿ ನನಗೇ ಬೇಸರವಾಗಿಹೋಗಿತ್ತು. ಆಮೇಲೊಂದು ಸಂಜೆ ಫೋನು ಬಡಿದುಕೊಂಡಿತು, ನಾನು ಏಳುವಷ್ಟರಲ್ಲಿ ಅತ್ತಿಗೆ ಸಿಂಕಿನ ಹತ್ತಿರದಿಂದ ಬಂದರು, ಟವೆಲಿಗೆ ಕೈ ಒರೆಸಿಕೊಂಡರು, ಬೆರಳು ಬೆರಳೂ, ಒಣಗಿದ ಕೈಯನ್ನು ರಿಸೀವರ್ ಮೇಲಿಟ್ಟು ಮೊದಲ ರಿಂಗ್ ಪೂರ್ತಿ ಮುಗಿಯುವ ತನಕ ಕಾದರು — ಅಣ್ಣನ ಅಭ್ಯಾಸ ಅದು, ಥಟ್ಟಂತ ಎತ್ತಿದ್ರೆ ಪಾಪ ಅವ್ರಿಗೆ ಇನ್ನೂ ಗಾಬರಿಯಾಗತ್ತೆ ಕಣೇ ಅನ್ನುತ್ತಿದ್ದ — ಆಮೇಲೆ ಎತ್ತಿದರು, ಹೇಳಿ, ಯಾರಿಗೆ ಹುಷಾರಿಲ್ಲ ಅಂದರು. ಅಣ್ಣನ ಮಾತೇ, ಅಕ್ಷರ ಬಿಡದೆ. ನಾನು ಬಾಗಿಲ ಹಿಂದೆ ನಿಂತೇ ಇದ್ದೆ, ಅಳು ಬಂತು, ಬಂದು ಹೋಯಿತು.

ಅಂದಿನಿಂದ ದಿನಾ. ನೀರಿಡಿ, ಊಟ ಹಾಕ್ಬೇಡಿ, ಬೆಳಿಗ್ಗೆನೇ ಕರ್ಕೊಂಡು ಬನ್ನಿ. ಒಮ್ಮೆ ಯಾರದೋ ಗಿಣಿ ಮಾತು ನಿಲ್ಲಿಸಿದೆಯಂತೆ, ಹೌದಾ, ಬಲವಂತ ಮಾಡ್ಬೇಡಿ, ಅದಕ್ಕೆ ಬೇಕಾದಾಗ ಆಡತ್ತೆ ಅಂದರು, ಇಟ್ಟ ಮೇಲೆ ನನ್ನ ಕಡೆ ತಿರುಗಿ, ಗಿಣಿ ಕಣೇ, ಎಂದರು. ಅಣ್ಣ ಹೋದಮೇಲೆ ನನ್ನೊಡನೆ ಆಡಿದ ಮೊದಲ ಮಾತು ಅದು.

ಡಾಕ್ಟರು ಒಳ್ಳೆಯವರೇ. ನೋಡಮ್ಮ, ದಿನಾ ಸಂಜೆ ಗಂಡನ ಫೋನು ಬಡ್ಕೊಳ್ತಿದ್ರೆ ಆ ಹೆಣ್ಣುಮಗಳಿಗೆ ಹೇಗಾಗ್ಬೇಡ, ಮೊದ್ಲು ಅದನ್ನ ತೆಗೆಸು, ಬಾಗಿಲು ಹಾಕಿದೆ ಅಂತ ರೆಕಾರ್ಡಿಂಗ್ ಹಾಕ್ಸು. ಸರಿ ಸರ್ ಅಂದೆ. ಒಳ್ಳೆಯವರಿಗೆ ಎದುರು ಮಾತಾಡುವುದು ಬಲು ಕಷ್ಟ. ನಿನ್ನೆ ಈ ಮೆಕ್ಯಾನಿಕ್ ತಂತಿಯೆಲ್ಲ ಕಿತ್ತು ಹರವಿ, ನಾಳೆ ನೋಡಣ ಎಂದು ಹೊರಟುಹೋದ, ಸಂಜೆ ಒಂದೂ ಫೋನಿಲ್ಲ, ಅತ್ತಿಗೆ ಕೈ ಒರೆಸಿಕೊಂಡು ಬಂದು ಕುರ್ಚಿಯಲ್ಲಿ ಕೂತರು, ರಿಸೀವರ್ ಮೇಲೆ ಒಣಗಿದ ಕೈ. ರಿಪೇರಿ ನಡೀತಿದೆ ಅತ್ತಿಗೆ, ಇವತ್ತು ಬರಲ್ಲ. ಹೂಂ ಅಂದರು. ಕೈ ತೆಗೆಯಲಿಲ್ಲ. ನಾನು ದೀಪ ಹಾಕಿದೆ, ಅನ್ನಕ್ಕಿಟ್ಟೆ, ಬಂದು ನೋಡಿದರೆ ಅಲ್ಲೇ ಇತ್ತು, ಅದೇ ಕೈ.

ಇನ್ನೊಂದೇ ದಾರಿ ಮೇಡಂ, ಎಲ್ಲಾ ಅಳಿಸಿ ಮೊದ್ಲಿಂದ ಹಾಕ್ಬೇಕು, ಒತ್ತಿಬಿಡ್ಲಾ. ಒತ್ತಿ. ದೀಪಗಳೆಲ್ಲ ಒಟ್ಟಿಗೆ ಆರಿದವು, ಇಷ್ಟು ದಿನ ಯಾರಿಗೂ ತೆಗೆಯಲಾಗದಿದ್ದದ್ದು ಕಣ್ಣುಮುಚ್ಚಿ ಬಿಡುವುದರಲ್ಲಿ ಹೋಯಿತು, ಆಮೇಲೆ ಒಂದೊಂದೇ ಹಸಿರು. ಆರರ ಮೇಲೆ ಬರೋದನ್ನ ಏನ್ಮಾಡ್ಲಿ, ರೆಕಾರ್ಡಿಂಗಾ, ಇಲ್ಲ ಯಾವ್ದಾದ್ರೂ ನಂಬರಿಗಾ. ಒಳಗೆ ಡಾಕ್ಟರು ಯಾವುದೋ ಬೆಕ್ಕನ್ನು ಪುಸಲಾಯಿಸುತ್ತಿದ್ದಾರೆ, ಬೆಕ್ಕು ಒಪ್ಪುತ್ತಿಲ್ಲ, ನಂಬರಿಗೆ ಅಂದೆ, ಮನೆಯ ನಂಬರ್ ಹೇಳಿದೆ, ಡಾಕ್ಟರು ಕೇಳಿದರೆ ಅತ್ತಿಗೇನೇ ಕೇಳಿ ಸರ್ ಅನ್ನುತ್ತೇನೆ, ಅಷ್ಟೇ ತಾನೇ. ಆದರೆ ನಾನೇ ಕೇಳಿದ್ದೆನೇ ಅತ್ತಿಗೆಯನ್ನು, ಬೇಕೋ ಬೇಡವೋ ಅಂತ, ಇಲ್ಲ, ಡಾಕ್ಟರು ಒಂದು ಅಂದುಕೊಂಡರು ನಾನೊಂದು ಅಂದುಕೊಂಡೆ — ಟೆಸ್ಟ್ ಮಾಡ್ತೀನಿ, ತಗೊಳ್ಳಿ ಮೇಡಂ, ನೀವೇ ಮಾತಾಡಿ. ಈಗಲೇ? ಬೆಳಿಗ್ಗೆ ಹನ್ನೊಂದಕ್ಕೆ ಅವರು ಪಾತ್ರೆ ತೊಳೆಯುತ್ತಿರುತ್ತಾರೆ, ಕೈ ಒರೆಸಿಕೊಳ್ಳಬೇಕು, ಬೆರಳು ಬೆರಳೂ, ಮೊದಲ ರಿಂಗ್ ಮುಗಿಯಬೇಕು — ರಿಂಗ್ ಶುರುವಾಯಿತು, ಅರ್ಧಕ್ಕೇ ತುಂಡಾಯಿತು, ಓಡಿಬಂದ ಏದುಸಿರು, ಹೇಳಿ, ಯಾರಿಗೆ ಹುಷಾರಿಲ್ಲ, ಹಲೋ, ಯಾರಿಗೆ, ಹಿಂದೆ ನಲ್ಲಿ ಹಾಗೇ ಸುರಿಯುತ್ತಿದೆ, ಒರೆಸಿಕೊಂಡಿಲ್ಲ, ಈ ಸಲ ಒರೆಸಿಕೊಂಡಿಲ್ಲ, ರಿಸೀವರ್ ಹಿಡಿದ ಒದ್ದೆ ಕೈ, ಮಣಿಕಟ್ಟಿನಿಂದ ನೀರು, ಒದ್ದೆ ಕೈ.